ಹಿಂದೆ ಬೈಕು, ಮುಂದೆ ನೀರು

"ಬೀಗ ಹಾಕೋಕೆ ಮುಂಚೆ ಒಂದ್ಸಲ ತೂಗಿಬಿಡೋಣ ಸಾರ್," ಅಂದಳು ತೂಕದಕ್ಕ.

ಸಾರಿಗೆ ಇನ್‌ಸ್ಪೆಕ್ಟರ್ ಆಗಲೇ ಚೀಲದಿಂದ ಅರಗು, ಬೆಂಕಿಪೆಟ್ಟಿಗೆ, ಬಿಳಿ ಪಟ್ಟಿ ಎಲ್ಲ ತೆಗೆದು ಬೆಂಚಿನ ಮೇಲೆ ಸಾಲಾಗಿ ಜೋಡಿಸಿದ್ದರು. ಬೆಳಗಿನ ಹತ್ತೂವರೆ. ವೆಲ್ಡಿಂಗ್ ಶೆಡ್ಡಿನ ಅಂಗಳಕ್ಕೆ ಹಿತವಾದ ಬಿಸಿಲು ಬಿದ್ದಿತ್ತು. ಇಂಥ ಒಳ್ಳೆಯ ದಿನ ಒಬ್ಬನ ಬಾಗಿಲಿಗೆ ಅರಗು ಹಚ್ಚುವುದು ಇನ್‌ಸ್ಪೆಕ್ಟರಿಗೂ ಇಷ್ಟವಿರಲಿಲ್ಲ.

"ಏನಮ್ಮಾ ತೂಗೋದು?"

"ಇದರ ಮೂತೀನ."

ಅವಳು ತೋರಿಸಿದ್ದು ಅಂಗಳದ ನಡುವೆ ನಿಂತಿದ್ದ, ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ಹಾಸಿಗೆಯಿರುವ ಕ್ಯಾಂಪಿಂಗ್ ಟ್ರೇಲರನ್ನು. ಮೂರು ದಿನದ ಹಿಂದೆ ಬೆಟ್ಟದ ತಿರುವಿನಲ್ಲಿ ಇದರ ಬೆನ್ನಿಗೆ ಕಟ್ಟಿದ್ದ ಡರ್ಟ್ ಬೈಕು ಕಳಚಿ ಬಿದ್ದು, ಹಿಂದೆ ಬರುತ್ತಿದ್ದ ಹಾಲಿನ ವ್ಯಾನು ಚರಂಡಿಗೆ ಇಳಿದು, ಚಾಲಕನ ಕೈ ಮುರಿದಿತ್ತು. ಇಳಿಜಾರಿಗೆ ಉರುಳಿದ ಬೈಕು ಪೊದೆಗಳ ನಡುವಿನಿಂದಲೇ ಮಾಯವಾಗಿತ್ತು. ತಪ್ಪು ಮಾತ್ರ ಮಾಯವಾಗದೆ, ಬೈಕು ಹೊರುವ ಕ್ಯಾರಿಯರನ್ನು ಬೆಸೆದುಕೊಟ್ಟ ವೆಲ್ಡರನ ತಲೆಯ ಮೇಲೆ ಬಂದು ಕೂತಿತ್ತು.

ಆ ವೆಲ್ಡರು ತೂಕದಕ್ಕನ ಒಡಹುಟ್ಟಿದ ತಮ್ಮ.

ಮೂವತ್ತು ವರ್ಷದಿಂದ ಈ ಶೆಡ್ಡಿನಲ್ಲಿ ಕಿಡಿ ಹಾರಿಸಿಕೊಂಡು ಬಂದವನು. ಒಂದು ಗೇಟಿನ ಕೀಲು ಕಿರುಗುಟ್ಟಿದರೂ ಕರೆಯದೇ ಹೋಗಿ ಸರಿಮಾಡಿಕೊಟ್ಟು ಬರುವ ಜಾತಿ. ಮೂರು ದಿನದಿಂದ ಅವನು ಸರಿಯಾಗಿ ಊಟ ಮಾಡಿರಲಿಲ್ಲ. ಶೆಡ್ಡು ಮುಚ್ಚಿದರೆ ಬೇರೆ ಕಡೆ ಕೂಲಿ ಸಿಕ್ಕೀತು, ಆದರೆ "ಇವನ ಬೆಸುಗೆ ಬಿಟ್ಟಿತು" ಅನ್ನೋ ಮಾತನ್ನು ಎಲ್ಲಿ ಕಳೆಯೋದು ಅಂತ ಅಕ್ಕನ ಹತ್ತಿರ ಒಂದೇ ಸಲ ಹೇಳಿದ್ದ.

ತೂಕದಕ್ಕನಿಗೆ ಅಷ್ಟು ಸಾಕಾಗಿತ್ತು. ಊರ ಹೊರಗಿನ ಲಾರಿ ತೂಕದ ಕಟ್ಟೆಯಲ್ಲಿ ಇಪ್ಪತ್ತೆಂಟು ವರ್ಷ ಕೂತು ನಿವೃತ್ತಳಾದವಳು ಅವಳು. ಯಾವ ಲಾರಿ ಮರಳಿನಡಿ ಏನು ಬಚ್ಚಿಟ್ಟಿದೆ ಅಂತ ಟೈರಿನ ಉಬ್ಬು ನೋಡಿಯೇ ಹೇಳುತ್ತಿದ್ದಳು. "ಕೈಗೆ ಮಗು ಕೊಟ್ಟರೂ ಮೊದಲು ತೂಕ ಹೇಳಿ ಆಮೇಲೆ ಮುದ್ದು ಮಾಡ್ತಾಳೆ" ಅಂತ ಗಂಡ ರೇಗಿಸುತ್ತಿದ್ದ. ತಕ್ಕಡಿಗೆ ದಾಕ್ಷಿಣ್ಯವಿಲ್ಲ ಅನ್ನುವುದು ಅವಳ ಬಾಯಿಪಾಠ.

"ಇದೇನು ನಾಟಕ?" ಅಂದರು ಟ್ರೇಲರಿನ ಒಡೆಯ ದಂತವೈದ್ಯರು. ಬಿಳಿ ಶೂ, ಇಸ್ತ್ರಿ ಮಾಡಿದ ಪ್ಯಾಂಟು. ಅಂಗಳದ ಕಬ್ಬಿಣದ ಪುಡಿ ತಗಲದ ಹಾಗೆ ಅಳೆದು ಅಳೆದು ಹೆಜ್ಜೆ ಇಡುತ್ತಿದ್ದರು. "ವೆಲ್ಡಿಂಗ್ ಮುರೀತು, ಬೈಕ್ ಬಿತ್ತು. ಇದರಲ್ಲಿ ಪತ್ತೇದಾರಿ ಮಾಡೋಕೆ ಏನಿದೆ?"

"ಡಾಕ್ಟ್ರೇ, ಹೋದ ವರ್ಷ ನನ್ನ ದವಡೆ ಹಲ್ಲು ಕೀಳುವಾಗ ಏನೂ ನೋವಾಗಲ್ಲ ಅಂದಿದ್ರಿ. ನೆನಪಿದೆಯಾ?"

"ಇದೆ."

"ಅವತ್ತಿನಿಂದ ನಿಮ್ಮ ಮಾತನ್ನ ತೂಗಿಯೇ ತಗೋತೀನಿ."

ಇನ್‌ಸ್ಪೆಕ್ಟರಿಗೆ ನಗು ತಡೆಯಲಾಗಲಿಲ್ಲ. ಬೆಂಚಿನ ತುದಿಯಲ್ಲಿ ಕೂತಿದ್ದ ದಂತವೈದ್ಯರ ಭಾಮೈದ ಮಾತ್ರ ನಗಲಿಲ್ಲ. ಕಳೆದುಹೋದ ಬೈಕು ಅವನದೇ. ರೇಸಿನ ಹುಡುಗ, ದಿನಕ್ಕೆರಡು ಸಲ ಬೈಕು ಒರೆಸದಿದ್ದರೆ ನಿದ್ದೆ ಬಾರದವನು. ಈಗ ಬೈಕೇ ಇಲ್ಲ, ಆದರೂ ಮುಖದಲ್ಲಿ ಚಿಂತೆಯ ಒಂದು ಗೆರೆಯೂ ಇರಲಿಲ್ಲ. ತೂಕದಕ್ಕ ಅದನ್ನು ನೋಡಿ ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು.

ಅವಳು ನೇರ ಟ್ರೇಲರಿನ ಹಿಂದಕ್ಕೆ ಹೋದಳು. ಅಲ್ಲಿ ಎರಡು ಕಬ್ಬಿಣದ ತೋಳು ಹೊರಚಾಚಿದ್ದವು. ಅವುಗಳ ಮೇಲೆ ಅಡ್ಡಲಾಗಿ ಒಂದು ತೊಟ್ಟಿಯಂಥ ಕಂಬಿ. ಬೈಕಿನ ಎರಡೂ ಚಕ್ರ ಅದರೊಳಗೆ ಕೂರುತ್ತವೆ, ನಾಲ್ಕು ಪಟ್ಟಿಗಳಲ್ಲಿ ಬಿಗಿಯುತ್ತಾರೆ. ಈಗ ಎಡಗಡೆಯ ತೋಳು ಹರಿದು ಜೋತುಬಿದ್ದಿತ್ತು.

"ಸಾರ್, ಬೆರಳಿಟ್ಟು ನೋಡಿ. ಬೆಸುಗೆ ಎಲ್ಲಿದೆ?"

ಇನ್‌ಸ್ಪೆಕ್ಟರ್ ಬಗ್ಗಿ ನೋಡಿದರು. "ಇಲ್ಲಿ."

"ಹರಿದಿರೋದು ಎಲ್ಲಿ?"

"ಇಲ್ಲಿ... ಎರಡು ಬೆರಳು ಆಚೆ."

"ಬೆಸುಗೆ ಇದ್ದ ಹಾಗೇ ಇದೆ. ಪಕ್ಕದ ಗಟ್ಟಿ ಕಬ್ಬಿಣ ಹರಿದಿದೆ. ಬರೀ ಬೈಕಿನ ಭಾರಕ್ಕೆ ಹೀಗೆ ಹರಿಯಲ್ಲ, ಏನಕ್ಕೋ ಹೊಡೆದಿದ್ರೆ ಮಾತ್ರ ಹರಿಯುತ್ತೆ. ಕಂಬಿಯ ತುದೀಲಿ ಈ ಬಿಳಿ ಬಣ್ಣ ನೋಡಿ. ರಸ್ತೆ ಅಂಚಿನ ಕಲ್ಲಿಗೆ ಹಚ್ಚೋ ಸುಣ್ಣ."

"ಅಸಾಧ್ಯ!" ದಂತವೈದ್ಯರ ಧ್ವನಿ ಏರಿತು. "ನಾನು ಗಂಟೆಗೆ ನಲವತ್ತರಲ್ಲಿ ಹೋಗ್ತಿದ್ದೆ. ರಸ್ತೆ ಮಧ್ಯದಲ್ಲೇ ಇದ್ದೆ. ಕಲ್ಲಿಗೆ ಯಾಕೆ ಹೊಡೀತೀನಿ?"

"ನೀವು ಹೊಡೀಲಿಲ್ಲ. ನಿಮ್ಮ ಕಾರು ರಸ್ತೆ ಮಧ್ಯದಲ್ಲೇ ಇತ್ತು. ಟ್ರೇಲರಿನ ಬಾಲ ಹೋಗಿ ಹೊಡೀತು. ಹಾಲಿನ ವ್ಯಾನಿನವನನ್ನ ಆಸ್ಪತ್ರೇಲಿ ಮಾತಾಡಿಸಿ ಬಂದೆ. ಪಾಪ, ಕೈಗೆ ಪ್ಲಾಸ್ಟರ್ ಹಾಕಿದ್ರೂ ನಗ್ತಾ ಇದ್ದಾನೆ. ಬೀಳೋಕೆ ಮುಂಚೆ ಟ್ರೇಲರು ಆ ಕಡೆ ಈ ಕಡೆ ನಾಯಿ ಬಾಲದ ಹಾಗೆ ಅಲ್ಲಾಡ್ತಿತ್ತು ಅಂದ."

"ಯಾಕೆ ಅಲ್ಲಾಡಬೇಕು?" ಅಂದರು ಇನ್‌ಸ್ಪೆಕ್ಟರ್.

ತೂಕದಕ್ಕ ತಮ್ಮನ ಕಡೆ ತಿರುಗಿದಳು. "ನೀನೇ ಹೇಳು."

ತಮ್ಮ ಮೂರು ದಿನದಲ್ಲಿ ಮೊದಲ ಸಲ ತಲೆಯೆತ್ತಿ ಮಾತಾಡಿದ. ಕಸುಬಿನ ಮಾತು ಬಂದರೆ ಅವನ ನಾಲಿಗೆ ತಾನೇ ಸಡಿಲವಾಗುತ್ತದೆ.

"ಟ್ರೇಲರ್ ಅಂದ್ರೆ ತಕ್ಕಡಿ ಇದ್ದ ಹಾಗೆ ಸಾರ್. ನಡುವೆ ಚಕ್ರ, ಹಿಂದೆ ಬಾಲ, ಮುಂದೆ ಕಾರಿಗೆ ಸಿಕ್ಕಿಸೋ ಮೂತಿ. ಬಾಲದ ಮೇಲೆ ಬೈಕು ಏರಿಸಿದ್ರೆ ಮೂತಿ ಮೇಲಕ್ಕೇಳುತ್ತೆ. ಹಗುರ ಮೂತಿ ಕಾರಿನ ಮಾತು ಕೇಳಲ್ಲ, ಬಾಲದ ಮಾತು ಕೇಳುತ್ತೆ. ಅದಕ್ಕೇ ನಮ್ಮ ಶೆಡ್ಡಲ್ಲಿ ಒಂದು ನಿಯಮ. ಹಿಂದೆ ಬೈಕು, ಮುಂದೆ ನೀರು. ಮೂತಿ ಹತ್ತಿರ ನೀರಿನ ಟ್ಯಾಂಕಿದೆ, ಎಂಬತ್ತು ಲೀಟರ್. ಅದನ್ನ ತುಂಬಿಸ್ದೆ ಬೈಕು ಏರಿಸೋ ಹಾಗಿಲ್ಲ. ಆಮೇಲೆ ಮೂತಿ ಕೆಳಗೆ ಈ ಮನೆ ತಕ್ಕಡಿ ಇಟ್ಟು ತೂಗಿ, ಅಂಕಿ ಬರೆದು ಕಳಿಸ್ತೀನಿ."

ಮೂತಿಯ ಕಬ್ಬಿಣದ ಮೇಲೆ ಸೀಮೆಸುಣ್ಣದ ಅಂಕಿ ಇನ್ನೂ ಉಳಿದಿತ್ತು: 72.

"ಹಿಂದಿನ ದಿನ ಸಂಜೆ ನನ್ನ ಮಗಳು ಕಿಡಿ ನೀರು ತುಂಬಿದಳು. ನಾನೇ ನಿಂತು ತೂಗಿದೆ, ಎಪ್ಪತ್ತೆರಡು ಕೆಜಿ. ಬೈಕಿದ್ದು ನೀರಿಲ್ದೆ ಇದ್ರೆ ಬರೀ ಹನ್ನೆರಡು ಇರುತ್ತೆ. ಹನ್ನೆರಡರಲ್ಲಿ ಹೋದ್ರೆ ದೇವರೇ ಗತಿ."

ಕಿಡಿ ಅಂದರೆ ತಮ್ಮನ ಒಬ್ಬಳೇ ಮಗಳು. ಇಪ್ಪತ್ತಮೂರರ ಹುಡುಗಿ, ಅಪ್ಪನಿಗಿಂತ ನೀಟಾಗಿ ಬೆಸೆಯುತ್ತಾಳೆ. ಬೆಳಿಗ್ಗೆಯೇ ವೆಲ್ಡಿಂಗ್ ರಾಡ್ ತರುತ್ತೇನೆಂದು ಪೇಟೆಗೆ ಹೋಗಿದ್ದಳು.

"ಹಾಗಾದ್ರೆ ನೀರಿತ್ತು ಅಂತಾಯ್ತು," ಅಂದರು ದಂತವೈದ್ಯರು. "ಮತ್ತೇನು?"

"ಸಂಜೆ ಇತ್ತು. ಬೆಳಿಗ್ಗೆ ಆರಕ್ಕೆ ನೀವು ಎಳ್ಕೊಂಡು ಹೋಗುವಾಗ ಇತ್ತಾ?"

ಹಾಗೆ ಕೇಳುತ್ತಲೇ ತೂಕದಕ್ಕ ಟ್ಯಾಂಕಿನ ಕೆಳಗೆ ಕೈಹಾಕಿ ಕೊಳಾಯಿ ತಿರುಗಿಸಿದಳು. ಒಂದು ಹನಿಯೂ ಬೀಳಲಿಲ್ಲ.

"ಬಿದ್ದ ಏಟಿಗೆ ಚೆಲ್ಲಿರಬೇಕು," ಅಂದರು ದಂತವೈದ್ಯರು.

"ಟ್ಯಾಂಕು ಎಲ್ಲೂ ಒಡೆದಿಲ್ಲ, ಕೊಳಾಯಿ ಮುಚ್ಚಿತ್ತು. ಎಂಬತ್ತು ಲೀಟರ್ ನೀರು ತಿರುವಲ್ಲಿ ಚೆಲ್ಲಿದ್ರೆ ರಸ್ತೆ ಒದ್ದೆಯಾಗಬೇಕಿತ್ತಲ್ಲ? ಸಾರ್, ನಿಮ್ಮ ಫೋಟೋ ತೆಗೀರಿ."

ಇನ್‌ಸ್ಪೆಕ್ಟರ್ ಫೈಲು ತೆರೆದರು. ಫೋಟೋದಲ್ಲಿ ಧೂಳು ಧೂಳಾದ ಒಣ ರಸ್ತೆ. ಹಾಲು ಚೆಲ್ಲಿದ ಜಾಗ ಮಾತ್ರ ಬೆಳ್ಳಗಿತ್ತು.

ಆಗಲೇ ತೂಕದಕ್ಕನ ಬೆರಳಿಗೆ ಇನ್ನೊಂದು ಸಂಗತಿ ತಗಲಿತು. ದಾರಿಯ ಕುಲುಕಾಟಕ್ಕೆ ಕೊಳಾಯಿ ತೆರೆದುಕೊಳ್ಳದಿರಲಿ ಅಂತ ಅದರ ಹಿಡಿಗೆ ತಾಮ್ರದ ತಂತಿ ಬಿಗಿಯುವುದು ಶೆಡ್ಡಿನ ಪದ್ಧತಿ. ಈಗ ಅವಳು ಕೊಳಾಯಿ ತಿರುಗಿಸುವಾಗ ಸರಿಸಿದ ತಂತಿ ಹೊಚ್ಚಹೊಸದು, ಫಳಫಳ ಹೊಳೆಯುತ್ತಿತ್ತು. ಮೂರು ಸುತ್ತು, ತುದಿ ಒಳಕ್ಕೆ ಮಡಚಿದೆ. ಕಿಡಿ ಐದು ವರ್ಷದವಳಿದ್ದಾಗ ತಂತಿಯ ತುದಿ ಅಂಗೈಗೆ ಹೊಕ್ಕಿತ್ತು. ಅವತ್ತಿನಿಂದ ಈ ಮನೆಯವರು ಯಾವ ತಂತಿಯ ತುದಿಯನ್ನೂ ಹೊರಗೆ ಬಿಡುವುದಿಲ್ಲ.

ಊರಿನಲ್ಲಿ ಬೇರೆ ಯಾರೂ ಹೀಗೆ ಮಡಚುವುದಿಲ್ಲ.

ತೂಕದಕ್ಕ ತಂತಿಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡಳು. ಹಳೆಯದು ತುಂಡಾಗಿ ತಮ್ಮನೇ ಹೊಸದು ಕಟ್ಟಿರಬಹುದು ಅಂತ ತನಗೆ ತಾನೇ ಹೇಳಿಕೊಂಡಳು. ಬೇರೆ ಯಾರ ವಿಷಯದಲ್ಲಾದರೂ ಅವಳು ಇಷ್ಟಕ್ಕೆ ಬಿಡುತ್ತಿರಲಿಲ್ಲ.

"ಈಗ ನೋಡಿ," ಅಂದಳು. "ಬೈಕಿನ ತೂಕ ನೂರಾ ನಾಲ್ಕು ಕೆಜಿ. ಅಷ್ಟೇ ಕಬ್ಬಿಣ ಬಾಲದ ಮೇಲೆ ಏರಿಸೋಣ. ನೀರಿಲ್ದೆ ಮೂತಿ ಏನು ಹೇಳುತ್ತೆ ಅಂತ ಎಲ್ಲರೂ ಕೇಳಿಸ್ಕೊಳ್ಳಿ."

ತಮ್ಮನಿಗೆ ಆನೆಬಲ ಬಂತು. ಹರಿದ ತೋಳಿಗೆ ಸರಪಳಿ ಹಾಕಿ ಬಿಗಿದ. ಇನ್‌ಸ್ಪೆಕ್ಟರ್ ಕೂಡ ಅಂಗಿಯ ತೋಳು ಮಡಚಿ ಮೂತಿ ಎತ್ತಲು ಕೈಜೋಡಿಸಿದರು. ಕೆಳಗೆ ಮನೆ ತಕ್ಕಡಿಯನ್ನು ಸರಿಸಿದರು. ದುಂಡು ಮುಖದ, ಮುಳ್ಳಿರುವ ಹಳೆಯ ತಕ್ಕಡಿ ಅದು. ಮೊದಲೇ ತೂಗಿಟ್ಟಿದ್ದ ರಾಶಿಯಿಂದ ಕಬ್ಬಿಣದ ತುಂಡುಗಳನ್ನು ತಮ್ಮ ಒಂದೊಂದಾಗಿ ಆರಿಸಿ ಏರಿಸತೊಡಗಿದ.

ಇಲ್ಲೊಂದು ತಪ್ಪಾಯಿತು. ತೂಕದ ಕಟ್ಟೆಯ ಮೊದಲ ಪಾಠವೇ ಖಾಲಿ ಗಾಡಿಯ ತೂಕ ಬರೆದುಕೊಳ್ಳುವುದು. ಇಪ್ಪತ್ತೆಂಟು ವರ್ಷ ಅದನ್ನು ಬೇರೆಯವರಿಗೆ ಕಲಿಸಿದವಳು, ಇವತ್ತು ತಮ್ಮನ ಮುಖದ ಗೆಲುವು ನೋಡುತ್ತ ಮುಳ್ಳನ್ನು ನೋಡಲಿಲ್ಲ.

ಎಂಬತ್ತು ಕೆಜಿ ಏರಿತು. ಟ್ರೇಲರು ಒಮ್ಮೆ ನರಳಿತು.

ಕೊನೆಯ ತುಂಡು ಇಡುವಷ್ಟರಲ್ಲಿ ಮೂತಿ ತಕ್ಕಡಿಯನ್ನು ಬಿಟ್ಟು ಗಾಳಿಗೆದ್ದಿತು. ಇಡೀ ಟ್ರೇಲರು ಹಿಂದಕ್ಕೆ ವಾಲಿತು. ಒಳಗೆ ಏನೋ ಧಡಕ್ಕನೆ ಉರುಳಿದ ಸದ್ದಾಯಿತು.

"ಅಯ್ಯಯ್ಯೋ!" ಅಂತ ತಮ್ಮ ಓಡಿಬಂದು ಮೂತಿಯ ಮೇಲೆ ಕೂತ. ಅವನ ಭಾರಕ್ಕೆ ಅದು ಮೆಲ್ಲಗೆ ಕೆಳಗಿಳಿಯಿತು.

"ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಸಾರ್?" ಅಂದಳು ತೂಕದಕ್ಕ. "ನೀರಿಲ್ದೆ ಬೈಕು ಹೊತ್ತ ಟ್ರೇಲರು ಹೀಗಿರುತ್ತೆ. ಇದು ತಿರುವಲ್ಲಿ ಬಾಲ ಬೀಸದೆ ಇನ್ನೇನು ಮಾಡುತ್ತೆ? ಬೆಸುಗೆ ಬಿಟ್ಟು ಬೈಕು ಬೀಳಲಿಲ್ಲ. ಯಾರೋ ನೀರು ಬಿಟ್ರು, ಅದಕ್ಕೆ ಬಿತ್ತು."

ಎಲ್ಲರೂ ದಂತವೈದ್ಯರ ಕಡೆ ನೋಡಿದರು.

"ನಾನಲ್ಲ!" ಅಂದರು ಅವರು. ಯಾರೂ ಇನ್ನೂ ಅವರ ಹೆಸರೆತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಡಾಕ್ಟ್ರೇ, ಆ ಸಂಜೆ ಇದೇ ಅಂಗಳದಲ್ಲಿ ನಿಂತು ನೀವು ಒಂದು ಮಾತು ಹೇಳಿದ್ರಿ," ಅಂದ ತಮ್ಮ, ಮೂತಿಯ ಮೇಲೆ ಕೂತೇ. "ಏನು ಅಂತ ಹೇಳ್ತೀರಾ, ನಾನೇ ಹೇಳ್ಲಾ?"

ದಂತವೈದ್ಯರು ಕೆಮ್ಮಿದರು. ಶೂ ನೋಡಿಕೊಂಡರು.

"ಕೆರೆ ದಂಡೆಗೆ ಹೋಗೋರು ಇಲ್ಲಿಂದ ನೀರು ಹೊತ್ಕೊಂಡು ಹೋಗ್ತಾರಾ ಅಂದೆ. ತಮಾಷೆಗೆ! ಎಂಬತ್ತು ಲೀಟರ್ ಸುಮ್ನೆ ಎಳೀಬೇಕಲ್ಲ ಅಂತ ಬೇಜಾರಿತ್ತು, ನಿಜ. ಆದ್ರೆ ನಾನು ಕೊಳಾಯಿ ಮುಟ್ಟಿಲ್ಲ. ಅದೆಲ್ಲಿದೆ ಅಂತಲೂ ನನಗೆ ಗೊತ್ತಿಲ್ಲ!"

"ರೋಗಿಗಳಿಗೆ ದಿನಾ ಬಾಯಿ ಮುಕ್ಕಳಿಸಿ ಉಗೀರಿ ಅಂತೀರಿ. ಟ್ಯಾಂಕಿಗೂ ಹಾಗೇ ಹೇಳಿರ್ಬೇಕು," ಅಂದರು ಇನ್‌ಸ್ಪೆಕ್ಟರ್. ಮೂತಿಯ ಮೇಲಿದ್ದ ತಮ್ಮ ಹೊಟ್ಟೆ ಹಿಡಿದು ನಕ್ಕ. ಅವನ ನಗು ಕೇಳಿ ತೂಕದಕ್ಕನ ಕಣ್ಣು ಒದ್ದೆಯಾಯಿತು. ಸಣ್ಣವನಿದ್ದಾಗ ಮರದಿಂದ ಬಿದ್ದು ಎದ್ದಮೇಲೂ ಹೀಗೇ ನಗುತ್ತಿದ್ದ.

"ಭಾವ ಮುಟ್ಟಿರಲಿಕ್ಕಿಲ್ಲ," ಅಂದ ಭಾಮೈದ ಮೆಲ್ಲಗೆ. ಬೆಳಿಗ್ಗೆಯಿಂದ ಅವನು ಆಡಿದ ಮೊದಲ ಮಾತು.

"ನಿನಗೆ ಹೇಗೆ ಗೊತ್ತು?" ಅಂದಳು ತೂಕದಕ್ಕ.

"ಸುಮ್ನೆ ಅಂದೆ."

ಅವನು ಬೆಂಚಿನ ತುದಿಗೆ ಇನ್ನೂ ಸರಿದು ಕೂತ.

ಇನ್‌ಸ್ಪೆಕ್ಟರ್ ಅರಗಿನ ಕಡ್ಡಿಯನ್ನು ಎತ್ತಿ ಚೀಲಕ್ಕೆ ಹಾಕಿದರು. ಬೆಂಕಿಪೆಟ್ಟಿಗೆಯನ್ನೂ ಹಾಕಿದರು. ಬಿಳಿ ಪಟ್ಟಿಯನ್ನು ಸುರುಳಿ ಸುತ್ತಿದರು. ಆ ಸುರುಳಿ ಒಂದೊಂದು ಸುತ್ತು ಸುತ್ತಿದ ಹಾಗೂ ತಮ್ಮನ ಬೆನ್ನು ನೆಟ್ಟಗಾಗುತ್ತ ಹೋಯಿತು.

"ಶೆಡ್ಡಿಗೆ ಬೀಗ ಇಲ್ಲ. ಬೆಸುಗೆಯಲ್ಲಿ ದೋಷ ಇಲ್ಲ ಅಂತ ವರದಿ ಬರೀತೀನಿ. ಸುರಕ್ಷತೆಗೆ ತುಂಬಿದ ನೀರನ್ನ ಟ್ರೇಲರಿನ ಮಾಲೀಕರು ಖಾಲಿ ಮಾಡಿದ್ದರಿಂದ ಅಪಘಾತ ಆಯ್ತು. ಸಾಕ್ಷಿಗೆ ನಿಮ್ಮ ಸಹಿ ಬೇಕಮ್ಮಾ. ಇಪ್ಪತ್ತೆಂಟು ವರ್ಷ ತೂಕ ಬರೆದವರ ಸಹಿ ಅಂದ್ರೆ ನಮ್ಮ ಕಚೇರೀಲಿ ಯಾರೂ ಎರಡು ಮಾತಾಡಲ್ಲ."

"ಮೊದಲು ಟೀ, ಆಮೇಲೆ ಸಹಿ!" ಅಂತ ತಮ್ಮ ಮೂತಿಯಿಂದ ಇಳಿದು, ಅದನ್ನು ಮೆಲ್ಲಗೆ ಮತ್ತೆ ಮೇಲಕ್ಕೇಳಲು ಬಿಟ್ಟು ಶೆಡ್ಡಿನೊಳಗೆ ಓಡಿದ. ಒಲೆ ಹಚ್ಚಿದ ಸದ್ದು, ಲೋಟಗಳ ಸದ್ದು ಕೇಳಿಸಿತು. ಸೀಟಿಯೂ ಕೇಳಿಸಿತು. ಮೂರು ದಿನದಿಂದ ಶೆಡ್ಡು ಆ ಸೀಟಿಯನ್ನು ಮರೆತಿತ್ತು.

ತೂಕದಕ್ಕ ಬಿಸಿಲಿಗೆ ಮುಖವೊಡ್ಡಿ ಕೂತಳು. ಇದಕ್ಕಿಂತ ಹೆಚ್ಚು ಅವಳಿಗೆ ಏನೂ ಬೇಕಿರಲಿಲ್ಲ. ತಮ್ಮನ ಹೆಸರು ಉಳಿಯಿತು, ಶೆಡ್ಡು ಉಳಿಯಿತು. ಸಂಜೆ ಮನೆಗೆ ಹೋಗಿ ಗಂಡನಿಗೆ ಇದನ್ನೆಲ್ಲ ಉಪ್ಪುಖಾರ ಹಚ್ಚಿ ಹೇಳಬೇಕು.

ಹಾಯಾಗಿ ಕಣ್ಣು ಮುಚ್ಚಿದಳು. ಮುಚ್ಚಿದ ಕಣ್ಣೊಳಗೆ ಒಂದು ಅಂಕಿ ಬಂದು ನಿಂತಿತು.

ಹನ್ನೆರಡು.

ತಮ್ಮನ ಲೆಕ್ಕದ ಪ್ರಕಾರ ಬೈಕಿದ್ದು ನೀರಿಲ್ಲದಿದ್ದರೂ ಮೂತಿಯ ಮೇಲೆ ಹನ್ನೆರಡು ಕೆಜಿ ಉಳಿಯಬೇಕು. ಹನ್ನೆರಡು ಕೆಜಿ ಇದ್ದ ಮೂತಿ ಗಾಳಿಗೆ ಯಾಕೆ ಏಳುತ್ತದೆ?

ಎಲ್ಲರೂ ಮೂತಿ ಎದ್ದದ್ದನ್ನು ನೋಡಿ ಬೆರಗಾಗಿದ್ದರು. ಅದು ಏಳಲೇಬಾರದಿತ್ತು ಅನ್ನುವುದು ಆ ಗದ್ದಲದಲ್ಲಿ ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ.

ತೂಕದಕ್ಕ ಎದ್ದು ಒಬ್ಬಳೇ ಬಾಲದ ಕಬ್ಬಿಣವನ್ನು ಒಂದೊಂದಾಗಿ ಕೆಳಗಿಳಿಸಿದಳು. ಮೂತಿ ಇಳಿದು ಮತ್ತೆ ತಕ್ಕಡಿಯ ಮೇಲೆ ಕೂತಿತು. "ನಾನು ಬರ್ಲಾ?" ಅಂದರು ಇನ್‌ಸ್ಪೆಕ್ಟರ್, ವರದಿಯಿಂದ ತಲೆಯೆತ್ತದೆ. "ಬೇಡ ಸಾರ್, ಕೈಕಾಲು ಆಡ್ಲಿ," ಅಂದಳು.

ಮೂತಿಯ ಹತ್ತಿರ ಬಂದು ತಕ್ಕಡಿ ನೋಡಿದಳು. ಅರವತ್ತೊಂದು.

ಶೆಡ್ಡಿನ ಬಾಗಿಲ ಹಿಂದೆ ಪ್ರತಿ ಟ್ರೇಲರಿನ ಖಾಲಿ ತೂಕ ಬರೆದಿಡುವುದು ತಮ್ಮನ ಅಭ್ಯಾಸ. ಹೋಗಿ ನೋಡಿದಳು. ದಂತವೈದ್ಯರ ಟ್ರೇಲರು, ಬೈಕಿಲ್ಲ, ನೀರಿಲ್ಲ, ಮೂತಿ ಎಂಬತ್ತೈದು.

ಇಪ್ಪತ್ತನಾಲ್ಕು ಕಡಿಮೆ. ಅಂದರೆ ಬಾಲದ ಕಡೆ ಏನೋ ಭಾರವಿದೆ.

"ಡಾಕ್ಟ್ರೇ, ಹಿಂದಿನ ಹಾಸಿಗೆ ಕಡೆ ಸಾಮಾನೇನಾದ್ರೂ ಇಟ್ಟಿದ್ದೀರಾ?"

"ಎಂಥ ಸಾಮಾನು?" ಮುಖ ಊದಿಸಿಕೊಂಡಿದ್ದ ದಂತವೈದ್ಯರು ತಿರುಗಿಯೂ ನೋಡಲಿಲ್ಲ. "ಅವತ್ತೇ ನನ್ನ ಹೆಂಡತಿ ಬಂದು ಒಂದು ಚಮಚಾನೂ ಬಿಡದೆ ಖಾಲಿ ಮಾಡ್ಕೊಂಡು ಹೋದ್ಳು."

ತೂಕದಕ್ಕ ಹೆಜ್ಜೆಯಲ್ಲಿ ಅಳೆದಳು. ಚಕ್ರದಿಂದ ಮೂತಿಗೆ ಐದು ಹೆಜ್ಜೆ. ಚಕ್ರದಿಂದ ಹಿಂದಿನ ಹಾಸಿಗೆಯ ನಡುವಿಗೆ ಎರಡು ಹೆಜ್ಜೆ. ಮೂತಿಯಲ್ಲಿ ಇಪ್ಪತ್ತನಾಲ್ಕು ಕೆಜಿ ಎತ್ತಬೇಕಾದರೆ ಹಾಸಿಗೆಯ ಮೇಲೆ ಎಷ್ಟಿರಬೇಕು? ಲಾರಿಗಳ ಜೊತೆ ಆಯುಷ್ಯ ಕಳೆದವಳಿಗೆ ಈ ಲೆಕ್ಕಕ್ಕೆ ಕಾಗದ ಬೇಕಿರಲಿಲ್ಲ.

ಅರವತ್ತು.

ಬಾಗಿಲ ಹಿಂದೆ ಟ್ರೇಲರುಗಳ ಪಟ್ಟಿಯ ಕೆಳಗೆ ಇನ್ನೊಂದು ಪಟ್ಟಿ ಇತ್ತು. ಪ್ರತಿ ಭಾನುವಾರ ಮನೆಯವರೆಲ್ಲ ಇದೇ ತಕ್ಕಡಿ ಹತ್ತಿ, ನಕ್ಕು, ಜಗಳವಾಡಿ ಬರೆದುಕೊಳ್ಳುವ ಪಟ್ಟಿ. ತಮ್ಮ 78. ಅವನ ಹೆಂಡತಿ 66. ಅಕ್ಕ ಅಂತ ಬರೆದ ಮುಂದಿನ ಅಂಕಿಯನ್ನು ಯಾರೋ ಬೆರಳಿನಿಂದ ಒರೆಸಿದ್ದರು. ಊರೆಲ್ಲ ತೂಗಿದವಳು ತನ್ನದನ್ನು ಮಾತ್ರ ಉಳಿಸುತ್ತಿರಲಿಲ್ಲ.

ಕೊನೆಯ ಸಾಲು ಓದುವ ಮುಂಚೆಯೇ ಅವಳಿಗೆ ಗೊತ್ತಿತ್ತು. ಕಿಡಿ 60.

ಪಟ್ಟಿಯ ಪಕ್ಕದ ಮೊಳೆಯಲ್ಲಿ ಟ್ರೇಲರಿನ ಎರಡನೇ ಕೀಲಿ ತೂಗುತ್ತಿರಬೇಕಿತ್ತು. ಮೊಳೆ ಬರಿದಾಗಿತ್ತು.

ಜೇಬಿನೊಳಗಿನ ತಂತಿ ಅವಳ ಬೆರಳಿಗೆ ಸಿಕ್ಕಿತು. ಮೂರು ಸುತ್ತು, ಒಳಕ್ಕೆ ಮಡಚಿದ ತುದಿ. ಅದು ಚುಚ್ಚುವ ಹಾಗಿರಲಿಲ್ಲ, ಆದರೂ ಚುಚ್ಚಿತು.

ಅವಳು ಟ್ರೇಲರಿನ ಆಚೆ ಬದಿಗೆ, ಬಾಗಿಲಿರುವ ಕಡೆಗೆ ನಡೆದು, ತಗಡಿಗೆ ಎರಡು ಸಲ ಬೆರಳಿನಿಂದ ಬಡಿದಳು. ಒಳಗೆ ಉಸಿರೂ ಕೇಳಿಸಲಿಲ್ಲ. ಅವಳು ಮೂತಿಯ ಕಡೆ ಬಗ್ಗಿ ತಕ್ಕಡಿ ನೋಡಿದಳು.

ಮುಳ್ಳು ಅಲುಗಿತು.

ಅರವತ್ತೊಂದು, ಎಪ್ಪತ್ತು. ಯಾರೋ ಒಳಗೆ ಹಿಂದಿನಿಂದ ಮುಂದಕ್ಕೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ಬರುತ್ತಿದ್ದರು. ಎಂಬತ್ತೈದು. ಭಾರ ಚಕ್ರ ದಾಟಿತು. ತೊಂಬತ್ತೇಳಕ್ಕೆ ಬಂದು, ಬಾಗಿಲ ನೇರಕ್ಕೆ, ಮುಳ್ಳು ನಿಂತಿತು.

ತೂಕದಕ್ಕ ತಲೆಯೆತ್ತಿದಳು. ಬೆಂಚಿನ ತುದಿಯಲ್ಲಿ ಭಾಮೈದ ಎದ್ದು ನಿಂತಿದ್ದ. ಅವನು ಅವಳನ್ನು ನೋಡುತ್ತಿರಲಿಲ್ಲ, ತಕ್ಕಡಿಯ ಮುಳ್ಳನ್ನು ನೋಡುತ್ತಿದ್ದ. ಬೆಳಿಗ್ಗೆಯಿಂದ ಕಾಣದ ಚಿಂತೆ ಈಗ ಅವನ ಮುಖದ ತುಂಬ ಇತ್ತು.

"ಅಕ್ಕಾ, ಟೀ ಆರ್ತಿದೆ ಬಾರೇ!" ತಮ್ಮ ಲೋಟಗಳ ತಟ್ಟೆ ಹಿಡಿದು ಶೆಡ್ಡಿನಿಂದ ಹೊರಬಂದ. ಮುಖವೆಲ್ಲ ನಗು. "ಕಿಡಿಗೂ ಒಂದು ಲೋಟ ಎತ್ತಿಟ್ಟಿದ್ದೀನಿ. ಬಂದ ತಕ್ಷಣ ನಾನೇ ಹೇಳ್ತೀನಿ, ನೀನು ಬಾಯಿಬಿಡ್ಬೇಡ."

"ವರದಿ ಸಿದ್ಧವಾಯ್ತಮ್ಮಾ," ಇನ್‌ಸ್ಪೆಕ್ಟರ್ ಕಾಗದ ಹಿಡಿದು ಅವಳ ಕಡೆಗೇ ನಡೆದು ಬಂದರು. ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. "ಡಾಕ್ಟ್ರ ಹೆಸರಿನ ಕೆಳಗೆ, ಇಲ್ಲಿ. ಒಂದು ಸಹಿ."

ಅವಳು ಪೆನ್ನು ತೆಗೆದುಕೊಂಡಳು. ಕಾಗದವನ್ನು ಟ್ರೇಲರಿನ ತಗಡಿಗೆ ಒತ್ತಿ ಹಿಡಿದಳು. ಇನ್‌ಸ್ಪೆಕ್ಟರ್ ಟೀ ಲೋಟಕ್ಕೆಂದು ತಮ್ಮನ ಕಡೆ ತಿರುಗಿದರು.

ತಗಡಿನ ಆಚೆಯಿಂದ, ಅವಳಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ, ಧ್ವನಿ ಬಂತು.

"ಸಹಿ ಹಾಕ್ಬೇಡಿ ಅತ್ತೆ. ನೀರು ಬಿಟ್ಟಿದ್ದು ಡಾಕ್ಟ್ರಲ್ಲ, ನಾನು."